ದೂರವಿದ್ದು ದುಡಿಯುವವರಲ್ಲಿ ಒಗ್ಗಟ್ಟು ಬೆಳೆಯುವುದೆಂತು?

ಕಾಸರಗೋಡು ಜಿಲ್ಲೆಯ ನಮ್ಮ ಕನ್ನಡ ಮನೆಗಳಲ್ಲಿ ಕೆಲವು ವರ್ಷಗಳಿಂದ ಒಂದು ಹೊಸ ಬಗೆಯ ಉದ್ಯೋಗ ಕಾಲಿಟ್ಟಿದೆ. ಅಂಗಳದಲ್ಲಿ ಅಡಕೆ ಒಣಗುತ್ತಿರುತ್ತದೆ, ಕೊಟ್ಟಿಗೆಯಲ್ಲಿ ದನ ಕೂಗುತ್ತಿರುತ್ತದೆ. ಒಳಕೋಣೆಯ ಬಾಗಿಲು ಮುಚ್ಚಿಕೊಂಡು ಮಗನೋ ಮಗಳೋ ಸೊಸೆಯೋ ಬೆಂಗಳೂರಿನ, ಚೆನ್ನೈಯ, ಇಲ್ಲವೇ ಸಮುದ್ರದಾಚೆಯ ಯಾವುದೋ ಕಂಪೆನಿಯ ಕೆಲಸ ಮಾಡುತ್ತಿರುತ್ತಾರೆ. ಎದುರಿಗೆ ಒಂದು ಲ್ಯಾಪ್‌ಟಾಪ್, ಕಿವಿಗೊಂದು ಯಂತ್ರ. ಮನೆಯ ಹಿರಿಯರಿಗೆ ಇದು ಕೆಲಸವೋ ಕಾಲಕ್ಷೇಪವೋ ಎಂಬ ಸಂಶಯ ಇನ್ನೂ ಪೂರ್ತಿ ಹೋಗಿಲ್ಲ. ಆದರೆ ತಿಂಗಳ ಕೊನೆಗೆ ಸಂಬಳ ಬರುತ್ತದೆ. ಮಕ್ಕಳು ಕಣ್ಣೆದುರಿಗೇ ಇರುತ್ತಾರೆ. ಆದುದರಿಂದ ಯಾರೂ ಹೆಚ್ಚು ಕೇಳಲು ಹೋಗುವುದಿಲ್ಲ.

ಇದನ್ನು ನಾವು ಕೇವಲ ಒಂದು ಮನೆಯ ಅನುಕೂಲವೆಂದು ತಿಳಿಯುವಂತಿಲ್ಲ. ನಮ್ಮ ಊರುಗಳಿಂದ ಹಿಂದಿನ ತಲೆಮಾರಿನವರು ಮುಂಬಯಿಯ ಹೋಟೆಲುಗಳಿಗೆ ಹೋದರು. ಆಮೇಲಿನವರು ಗಲ್ಫ್ ದೇಶಗಳಿಗೆ ಹೋದರು. ಓದಿದವರು ಮಂಗಳೂರು, ಬೆಂಗಳೂರು ಎಂದು ಹೊರಟರು. ಹೀಗೆ ಹೋದವರಲ್ಲಿ ಹಿಂತಿರುಗಿದವರು ಕಡಿಮೆ. ಒಂದು ಮನೆಯವರು ಊರು ಬಿಟ್ಟರೆಂದರೆ ಕನ್ನಡ ಶಾಲೆಯ ಒಂದು ಬೆಂಚು ಖಾಲಿಯಾಯಿತು, ವಾಚನಾಲಯದ ಒಬ್ಬ ಸದಸ್ಯ ಕಡಿಮೆಯಾದ, ಊರಿನ ಯಕ್ಷಗಾನ ಸಂಘಕ್ಕೆ ಒಬ್ಬ ಚೆಂಡೆಯವನಿಲ್ಲವಾದ ಎಂದೇ ಅರ್ಥ. ಅಲ್ಪಸಂಖ್ಯಾತರ ಭಾಷೆ ಉಳಿಯುವುದು ಬರೇ ಮನವಿಪತ್ರಗಳಿಂದಲ್ಲ, ಊರಿನಲ್ಲಿ ಉಳಿದ ಜನರಿಂದ. ಆದುದರಿಂದ ಊರಿನಲ್ಲೇ ಇದ್ದು ದೂರದ ಕೆಲಸ ಮಾಡುವ ಈ ಅವಕಾಶವು ನಮಗೆ ಉಳಿದವರಿಗಿಂತ ಒಂದು ತೂಕ ಹೆಚ್ಚಿನದು.

ಈ ಅವಕಾಶ ಈಗ ಅಲುಗಾಡುತ್ತಿದೆ. 2020ರ ಮಾರ್ಚಿನಲ್ಲಿ ದೇಶವೇ ಬಾಗಿಲು ಮುಚ್ಚಿದಾಗ ಕಂಪೆನಿಗಳು ಅನಿವಾರ್ಯವಾಗಿ ನೌಕರರನ್ನು ಮನೆಗೆ ಕಳುಹಿಸಿದವು. ಆಗ ಟಿ.ಸಿ.ಎಸ್. ಸಂಸ್ಥೆಯು 2025ರ ಹೊತ್ತಿಗೆ ತನ್ನ ನೌಕರರಲ್ಲಿ ಶೇಕಡಾ 25 ಮಂದಿ ಮಾತ್ರ ಕಚೇರಿಗೆ ಬಂದರೆ ಸಾಕು ಎಂದು ಸಾರಿತ್ತು. ಅದೇ ಸಂಸ್ಥೆ 2023ರ ಅಕ್ಟೋಬರ್ 1ರಿಂದ ವಾರದ ಐದು ದಿನವೂ ಕಚೇರಿಗೆ ಬರುವಂತೆ ಹೇಳಿತು. ಇನ್ಫೋಸಿಸ್ ತಿಂಗಳಿಗೆ 10 ದಿನವೆಂದಿತು. ಅಮೆರಿಕದ ಅಮೆಜಾನ್ 2025ರ ಆರಂಭದಿಂದ ಐದು ದಿನವೆಂದಿತು. ಹೀಗೆ ಕರೆಯುವವರು ಮುಂದಿಡುವ ಕಾರಣ ಬಹುತೇಕ ಒಂದೇ: ಎಲ್ಲರೂ ಬೇರೆ ಬೇರೆ ಕಡೆ ಕುಳಿತರೆ ಸಂಸ್ಥೆಗೊಂದು ಸಂಸ್ಕೃತಿ ಉಳಿಯುವುದಿಲ್ಲ, ಒಗ್ಗಟ್ಟು ಬೆಳೆಯುವುದಿಲ್ಲ.

ಈ ಮಾತು ಎಷ್ಟು ನಿಜ? ಇದನ್ನು ಸುಮ್ಮನೆ ಒಪ್ಪಿಕೊಂಡರೆ ನಮ್ಮ ಮಕ್ಕಳು ಮತ್ತೆ ಗಂಟುಮೂಟೆ ಕಟ್ಟಬೇಕು. ಸುಮ್ಮನೆ ತಳ್ಳಿಹಾಕಿದರೂ ಪ್ರಯೋಜನವಿಲ್ಲ, ಏಕೆಂದರೆ ಅದರಲ್ಲಿ ಒಂದಂಶ ಸತ್ಯವಿದೆ. ಆದುದರಿಂದ ವಿಚಾರ ಮಾಡಿ ನೋಡೋಣ.

ಸಂಸ್ಕೃತಿಯೆಂದರೆ ಏನು?

ಕೆಲಸದ ಜಾಗದ ಸಂಸ್ಕೃತಿಯೆಂದರೆ ದೀಪಾವಳಿಗೆ ಹಂಚುವ ಮಿಠಾಯಿಯಲ್ಲ, ಗೋಡೆಗೆ ತೂಗುಹಾಕಿದ ಧ್ಯೇಯವಾಕ್ಯವೂ ಅಲ್ಲ. ಮೇಲಿನವನು ನೋಡದಿರುವಾಗಲೂ ಕೆಲಸಗಾರ ಹೇಗೆ ನಡೆದುಕೊಳ್ಳುತ್ತಾನೆ, ಹೊಸಬ ಬಂದರೆ ಅವನಿಗೆ ಹೇಳಿಕೊಡುವವರು ಯಾರು, ತಪ್ಪಾದರೆ ಅದನ್ನು ಮುಚ್ಚಿಡುತ್ತಾರೋ ಹೇಳುತ್ತಾರೋ, ಒಬ್ಬನಿಗೆ ಜ್ವರ ಬಂದರೆ ಅವನ ಪಾಲಿನ ಕೆಲಸ ಯಾರ ಹೆಗಲಿಗೆ ಬರುತ್ತದೆ – ಇವುಗಳಿಗೆ ಹೇಳದೆಯೇ ಎಲ್ಲರಿಗೂ ಗೊತ್ತಿರುವ ಉತ್ತರವಿದ್ದರೆ ಅದೇ ಸಂಸ್ಕೃತಿ. ಒಂದೇ ಮಾಡಿನ ಕೆಳಗೆ ಕುಳಿತ ಮಾತ್ರಕ್ಕೆ ಇದು ಬರುತ್ತದೆಂದಾದರೆ ನಮ್ಮ ಎಷ್ಟೋ ಸರಕಾರಿ ಕಚೇರಿಗಳು ಸ್ವರ್ಗವಾಗಿರಬೇಕಿತ್ತು! ದೂರ ದೂರ ಇದ್ದೂ ಒಂದೇ ಮನಸ್ಸಿನಿಂದ ದುಡಿದವರು ಕಂಪ್ಯೂಟರ್ ಹುಟ್ಟುವ ಮೊದಲೂ ಇದ್ದರು, ಈಗಲೂ ಇದ್ದಾರೆ. ಅವರನ್ನು ಹುಡುಕಲು ಅಮೆರಿಕಕ್ಕೆ ಹೋಗಬೇಕಾಗಿಲ್ಲ.

ನೀಲಗಿರಿಯ ಬುಡದಲ್ಲಿ

ತಮಿಳುನಾಡಿನ ನೀಲಗಿರಿ ಜಿಲ್ಲೆಯಲ್ಲಿ ಮಸಿನಗುಡಿಯ ಹತ್ತಿರ ಮಾವನಲ್ಲವೆಂಬ ಊರೊಂದಿದೆ. ಹೆಸರಿನ ಕೊನೆಯಲ್ಲಿ ನಮ್ಮ ‘ಹಳ್ಳ’ ಇನ್ನೂ ಕೇಳಿಸುತ್ತದೆ. ಮಾವನಹಳ್ಳ ಎಂದೇ ಬರೆಯುವವರೂ ಇದ್ದಾರೆ. 1956ರ ನವೆಂಬರ್ 1ರ ತನಕ ಕಾಸರಗೋಡೂ ನೀಲಗಿರಿಯೂ ಮದರಾಸು ಆಡಳಿತದ ಕೆಳಗೇ ಇದ್ದವು. ಆ ದಿನದ ಬಳಿಕ ನಾವು ಕೇರಳಕ್ಕೆ ಸೇರಿದೆವು, ಅವರು ಅಲ್ಲೇ ಉಳಿದರು. ಅಲ್ಲಿ ಬಡಗರಿದ್ದಾರೆ, ಇರುಳರಿದ್ದಾರೆ, ಕುರುಂಬರಿದ್ದಾರೆ, ಕನ್ನಡ ಮಾತನಾಡುವ ಕುಟುಂಬಗಳಿವೆ. ಒಂದೆಡೆ ಉದಕಮಂಡಲದ ಬೆಟ್ಟಗೋಡೆ, ಇನ್ನೊಂದೆಡೆ ಮೋಯಾರ್ ಕಮರಿ. ನಡುವೆ ಮಳೆ ಕಡಿಮೆ ಬೀಳುವ ಕುರುಚಲು ಕಾಡು. ಮೇಲಿನ ಊಟಿಯಿಂದ ಕಲ್ಲಟ್ಟಿಯ ದಾರಿಯಾಗಿ ಇಳಿದು ಬರಬೇಕಾದರೆ 36 ತಿರುವುಗಳನ್ನು ದಾಟಬೇಕು.

ಈ ಪ್ರದೇಶ ಮುದುಮಲೆ ಹುಲಿ ಸಂರಕ್ಷಿತ ಪ್ರದೇಶಕ್ಕೆ ಸೇರಿಕೊಂಡಿದೆ. 1940ರಲ್ಲಿ ಅಭಯಾರಣ್ಯವಾದ ಮುದುಮಲೆ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆನಿಸಿತು. ಅದರ ಕಾಡನ್ನು ಕಾಯುವವರು ಬೇಟೆ ತಡೆಯುವ ಕಾವಲುಗಾರರು. ಇವರಲ್ಲಿ ಹಲವರು ಸುತ್ತಲಿನ ಬುಡಕಟ್ಟು ಹಾಡಿಗಳವರೇ. ಕಾಡಿನೊಳಗೆ ಅಲ್ಲಲ್ಲಿ ಸಣ್ಣ ಸಣ್ಣ ಶಿಬಿರಗಳು. ಒಂದೊಂದರಲ್ಲಿ ಕೆಲವೇ ಮಂದಿ. ಅಕ್ಕಿ ಬೇಳೆ ಹೊರಗಿನಿಂದ ಬರಬೇಕು. ದಿನವೂ ಕಾಲ್ನಡಿಗೆಯಲ್ಲಿ ಗಸ್ತು ತಿರುಗಬೇಕು. ಮೇಲಧಿಕಾರಿ ಎಲ್ಲೋ ವಲಯ ಕಚೇರಿಯಲ್ಲಿರುತ್ತಾರೆ. ಇವರು ಗಸ್ತಿಗೆ ಹೋದರೋ ಮರದಡಿಯಲ್ಲಿ ಮಲಗಿದರೋ ಎಂದು ನೋಡಲು ಯಾರೂ ಹಿಂದೆ ಬರುವುದಿಲ್ಲ. ದೂರದ ಕೆಲಸವೆಂದರೆ ಇದಕ್ಕಿಂತ ದೂರದ್ದು ಬೇರೆ ಯಾವುದಿದೆ?

ಆದರೂ ಕೆಲಸ ನಡೆಯುತ್ತದೆ. ಹೇಗೆಂದರೆ, ಅದಕ್ಕೊಂದು ಕ್ರಮವಿದೆ. ವಯರ್‌ಲೆಸ್ಸಿನಲ್ಲಿ ಶಿಬಿರದ ವರ್ತಮಾನ ಕಚೇರಿಗೆ ಮುಟ್ಟುತ್ತದೆ. ಕಂಡದ್ದನ್ನು ಬರೆದಿಡಲು ಪುಸ್ತಕವಿದೆ. 2010ರಲ್ಲಿ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರವು ತಂದ ಎಂ-ಸ್ಟ್ರೈಪ್ಸ್ ಎಂಬ ವ್ಯವಸ್ಥೆಯಲ್ಲಿ ನಡೆದ ದಾರಿ, ಕಂಡ ಹೆಜ್ಜೆಗುರುತು ಮೊದಲಾದವನ್ನು ದಾಖಲು ಮಾಡಲಾಗುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಪಕ್ಕದಲ್ಲಿರುವ ಜೊತೆಗಾರನ ಮೇಲೆ ಜೀವವೇ ನಿಂತಿದೆ. ಆನೆ ಎದುರಾದಾಗ ಕಿವಿಗೊಡಬೇಕಾದುದು ದೊಡ್ಡ ಹುದ್ದೆಯವನ ಮಾತಿಗಲ್ಲ, ಕಾಡು ಬಲ್ಲವನ ಮಾತಿಗೆ.

2021ರಲ್ಲಿ ಈ ಕ್ರಮಕ್ಕೆ ಒಂದು ದೊಡ್ಡ ಪರೀಕ್ಷೆ ಬಂತು. ಟಿ-23 ಎಂಬ ಹುಲಿಯು ನಾಲ್ಕು ಮಂದಿಯನ್ನು ಕೊಂದಿತೆಂದು ಗೂಡಲೂರು, ಮಸಿನಗುಡಿಗಳ ಜನ ಕಂಗೆಟ್ಟಿದ್ದರು. ಸೆಪ್ಟೆಂಬರ್ ಕೊನೆಯಲ್ಲಿ ಶೋಧ ಆರಂಭವಾಯಿತು. ತಮಿಳುನಾಡಿನ ಅರಣ್ಯ ಸಿಬ್ಬಂದಿ, ಕೇರಳದಿಂದ ಬಂದ ತಂಡ, ಪಶುವೈದ್ಯರು, ಪಳಗಿದ ಆನೆಗಳು ಮತ್ತು ಮಾವುತರು, ಆಕಾಶದಲ್ಲಿ ಡ್ರೋನ್, ನೆಲದಲ್ಲಿ ನಾಯಿ, ಜೊತೆಗೆ ಜಾಡು ಹಿಡಿಯಬಲ್ಲ ಬುಡಕಟ್ಟಿನವರು – ಎಲ್ಲರೂ ಬೇರೆ ಬೇರೆ ದಿಕ್ಕಿನಲ್ಲಿ, ಬೇರೆ ಬೇರೆ ಭಾಷೆ ಆಡುವವರು. ಹುಲಿಯನ್ನು ಕೊಲ್ಲಲು ಆತುರಪಡಬಾರದೆಂದು ಮದರಾಸು ಉಚ್ಚ ನ್ಯಾಯಾಲಯ ಹೇಳಿತ್ತು. ಅಕ್ಟೋಬರ್ 14ರ ರಾತ್ರಿ ಮದ್ದಿನ ಚುಚ್ಚುಮದ್ದು ತಗಲಿದರೂ ಹುಲಿ ಪೊದೆಯೊಳಗೆ ಮಾಯವಾಯಿತು. ಮರುದಿನ, 15ರಂದು, ಮಸಿನಗುಡಿಯ ಬಳಿ ಅದು ಜೀವಂತ ಸಿಕ್ಕಿತು; ಚಿಕಿತ್ಸೆಗೆ ಮೈಸೂರಿಗೆ ಕಳುಹಿಸಿದರು. ಸುಮಾರು ಮೂರು ವಾರಗಳ ಕಾಲ ಚದುರಿ ನಿಂತ ಇಷ್ಟೊಂದು ಜನ ಒಂದೇ ಕೆಲಸವನ್ನು ಕೈಬಿಡದೆ ಹಿಡಿದುಕೊಂಡುದೇ ಇಲ್ಲಿ ನಮಗೆ ಮುಖ್ಯ.

ಇದರಿಂದ ಕಲಿಯಬೇಕಾದ ಸಂಗತಿಗಳು ಮೂರು. ಎಲ್ಲರಿಗೂ ಗೊತ್ತಿರುವ ಒಂದೇ ಗುರಿ ಇರಬೇಕು. ಒಬ್ಬ ಕಂಡದ್ದು ಉಳಿದವರಿಗೆ ತಡವಿಲ್ಲದೆ ತಿಳಿಯಬೇಕು. ಬಲ್ಲವನ ಮಾತಿಗೆ, ಅವನ ಹುದ್ದೆ ಏನೇ ಇರಲಿ, ಬೆಲೆ ಇರಬೇಕು. ಇದರ ಜೊತೆಗೆ ಮರೆಯಬಾರದ ನಾಲ್ಕನೆಯದೊಂದುಂಟು. ಕಾಡು ಕಾಯುವ ಈ ಮಂದಿಯಲ್ಲಿ ಹಲವರದು ಕಾಯಂ ಕೆಲಸವಲ್ಲ. ಒಗ್ಗಟ್ಟಿನ ಗುಣಗಾನ ಮಾಡಿ, ಸಂಬಳದ ಮಾತು ಬಂದಾಗ ಮುಖ ತಿರುಗಿಸುವುದು ಸಂಸ್ಕೃತಿಯಲ್ಲ. ಅದು ಹೊಗಳಿ ದುಡಿಸಿಕೊಳ್ಳುವ ಉಪಾಯ ಮಾತ್ರ.

ಬೀಡಿ ಕಲಿಸಿದ ಪಾಠ

ಮನೆಯಲ್ಲಿ ಕುಳಿತು ದೂರದ ಕಂಪೆನಿಗೆ ದುಡಿಯುವುದು ಹೊಸತೆಂದು ಹೇಳುವವರು ನಮ್ಮ ಕರಾವಳಿಯ ಚರಿತ್ರೆಯನ್ನು ಮರೆತಿದ್ದಾರೆ. ದಕ್ಷಿಣ ಕನ್ನಡದಿಂದ ಕಣ್ಣೂರಿನವರೆಗೆ ಸಾವಿರಾರು ಮನೆಗಳ ಜಗಲಿಯಲ್ಲಿ ಹೆಂಗಸರು ಎಲೆ, ಹೊಗೆಸೊಪ್ಪು, ನೂಲು ಇಟ್ಟುಕೊಂಡು ಬೀಡಿ ಕಟ್ಟಿದ್ದಾರೆ. ಸಂಜೆಗೆ ಬೀಡಿಯ ಕಟ್ಟುಗಳನ್ನು ಬ್ರಾಂಚಿಗೆ ಒಯ್ದು ಕೊಟ್ಟು, ಮರುದಿನಕ್ಕೆ ಎಲೆ ತಂದಿದ್ದಾರೆ. ಮಾಲಕನ ಮುಖವನ್ನು ಅವರು ಕಂಡವರಲ್ಲ. ಕೆಲಸ ಮನೆಯಲ್ಲಿ, ಲೆಕ್ಕ ಬ್ರಾಂಚಿನಲ್ಲಿ, ಲಾಭ ಪೇಟೆಯಲ್ಲಿ.

ಈ ಪದ್ಧತಿಯ ತೊಂದರೆಯೂ ಅದೇ ಆಗಿತ್ತು. ಒಂಟಿಯಾಗಿ ಕುಳಿತವಳಿಗೆ ಬೀಡಿ ಚೆನ್ನಾಗಿಲ್ಲವೆಂದು ಪಕ್ಕಕ್ಕೆ ತಳ್ಳಿದರೆ ಕೇಳುವವರಿರಲಿಲ್ಲ. ಎಲೆ ಕಡಿಮೆ ತೂಗಿದರೆ ಸಾಕ್ಷಿ ಹೇಳುವವರಿರಲಿಲ್ಲ. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆಯು ಮನೆಯಲ್ಲಿ ಕುಳಿತು ಕಟ್ಟುವವರನ್ನೂ ಕಾರ್ಮಿಕರೆಂದೇ ಒಪ್ಪಿತು. ಕಣ್ಣಿಗೆ ಕಾಣದ ಕೆಲಸಗಾರಳಿಗೂ ಹಕ್ಕುಂಟು ಎಂಬುದನ್ನು ಈ ದೇಶ ಕಂಪ್ಯೂಟರಿಗಿಂತ ಎಷ್ಟೋ ಮೊದಲು ಬೀಡಿಯಿಂದ ಕಲಿಯಿತು.

ಆ ಕಾಯಿದೆಯನ್ನು ಕೇರಳದಲ್ಲಿ ಜಾರಿಗೆ ತರಲು ಹೊರಟಾಗ ಮಂಗಳೂರಿನ ದೊಡ್ಡ ಬೀಡಿ ಕಂಪೆನಿಗಳು 1968ರಲ್ಲಿ ಕಣ್ಣೂರು ಕಡೆಯ ಕಾರ್ಖಾನೆಗಳನ್ನು ಮುಚ್ಚಿದವು. ಸಾವಿರಾರು ಮಂದಿ ಬೀದಿಗೆ ಬಿದ್ದರು. ಅವರಿಂದಲೇ 1969ರಲ್ಲಿ ದಿನೇಶ್ ಬೀಡಿ ಸಹಕಾರ ಸಂಘ ಹುಟ್ಟಿತು. ಆ ಕಾಲಕ್ಕೆ ಇನ್ನೂ ಪ್ರತ್ಯೇಕ ಜಿಲ್ಲೆಯಾಗಿರದ ನಮ್ಮ ಕಾಸರಗೋಡಿನ ಕಡೆಗೂ ಅದು ಹಬ್ಬಿತು. ಒಂದು ಕಾಲದಲ್ಲಿ 40,000ಕ್ಕೂ ಮಿಕ್ಕಿದ ಕೆಲಸಗಾರರು ಅದರಲ್ಲಿದ್ದರು. ಮುಂದೆ ಬೀಡಿ ಸೇದುವವರು ಕಡಿಮೆಯಾದಾಗ ಸಂಘವು ಕೊಡೆ, ಆಹಾರ ಪದಾರ್ಥ, ಸಿದ್ಧ ಉಡುಪು, ಕೊನೆಗೆ ಕಂಪ್ಯೂಟರ್ ಕೆಲಸಕ್ಕೂ ಕೈಹಾಕಿತು.

ಬೀಡಿ ಆರೋಗ್ಯಕ್ಕೆ ಹಾನಿಯೆಂಬುದರಲ್ಲಿ ಎರಡು ಮಾತಿಲ್ಲ. ನಾವಿಲ್ಲಿ ಹೇಳುತ್ತಿರುವುದು ಕೆಲಸದ ಪದ್ಧತಿಯನ್ನು. ಕೇರಳದ ಬೀಡಿ ಶಾಲೆಗಳಲ್ಲಿ ಒಬ್ಬನು ಗಟ್ಟಿಯಾಗಿ ಪತ್ರಿಕೆ, ಪುಸ್ತಕ ಓದುತ್ತಿದ್ದ. ಉಳಿದವರು ಕಟ್ಟುತ್ತ ಕೇಳುತ್ತಿದ್ದರು. ಓದಿದವನ ಪಾಲಿನ ಬೀಡಿಯನ್ನು ಉಳಿದವರು ಕಟ್ಟಿಕೊಡುತ್ತಿದ್ದರು. ಇಡೀ ಒಂದು ತಲೆಮಾರಿನ ರಾಜಕೀಯ, ಸಾಹಿತ್ಯ ಪ್ರಜ್ಞೆ ಹೀಗೆ ಬೆಳೆಯಿತು. ಜಗಲಿಯಲ್ಲಿ ಒಬ್ಬಳೇ ಕುಳಿತು ಕಟ್ಟಿದವಳಿಗೆ ಈ ಭಾಗ್ಯ ಸಿಗಲಿಲ್ಲ. ಎಲೆ ಅದೇ, ನೂಲು ಅದೇ, ಕೈಚಳಕ ಅದೇ. ಆದರೆ ಒಂದು ಕಡೆ ಬಳಗವಿತ್ತು, ಇನ್ನೊಂದು ಕಡೆ ಬರೇ ಲೆಕ್ಕವಿತ್ತು. ಇಂದು ಒಳಕೋಣೆಯಲ್ಲಿ ಲ್ಯಾಪ್‌ಟಾಪ್ ಎದುರಿಗೆ ಕುಳಿತ ನಮ್ಮ ಮಕ್ಕಳು ಈ ಎರಡರಲ್ಲಿ ಯಾವ ಗುಂಪಿಗೆ ಸೇರಲಿದ್ದಾರೆ? ಪ್ರಶ್ನೆಯ ತಿರುಳು ಇಲ್ಲಿದೆ.

ಪರೀಕ್ಷಿಸಿ ನೋಡಿದವರ ಮಾತು

ಹೊರಗಿನವರ ಅನುಭವವನ್ನೂ ನೋಡಬೇಕು. 1973ರಲ್ಲೇ ಅಮೆರಿಕದ ಜಾಕ್ ನೈಲ್ಸ್ ಎಂಬವರು, ಜನರನ್ನು ಕೆಲಸದ ಕಡೆಗೆ ಒಯ್ಯುವ ಬದಲು ಕೆಲಸವನ್ನು ತಂತಿಯ ಮೂಲಕ ಜನರ ಕಡೆಗೆ ತರುವ ಯೋಚನೆಗೆ ಒಂದು ಹೆಸರಿಟ್ಟರು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಎಂಬ ಅಮೆರಿಕದ ಕಂಪೆನಿ ಬೆಂಗಳೂರಿನಲ್ಲಿ ಶಾಖೆ ತೆರೆದು ಉಪಗ್ರಹದ ಮೂಲಕ ಕೆಲಸವನ್ನು ಕಳುಹಿಸಿಕೊಟ್ಟಿತು. ಅಂದರೆ ಬೆಂಗಳೂರು ಇಂದು ಬೆಂಗಳೂರಾದುದೇ ದೂರದ ಕೆಲಸದಿಂದ! ಅಮೆರಿಕದವರಿಗೆ ಬೆಂಗಳೂರು ದೂರವಾಗದಿದ್ದರೆ, ಬೆಂಗಳೂರಿನವರಿಗೆ ಬದಿಯಡ್ಕ, ಮಂಜೇಶ್ವರ, ಮುಳ್ಳೇರಿಯಗಳು ದೂರವಾಗುವುದೇಕೆ ಎಂದು ನಾವು ಕೇಳಬಾರದೇ?

ಚೀನದ ಶಾಂಘೈಯ ಸಿಟ್ರಿಪ್ ಎಂಬ ಪ್ರವಾಸ ಕಂಪೆನಿಯಲ್ಲಿ 2010-11ರಲ್ಲಿ ನಿಕೊಲಾಸ್ ಬ್ಲೂಮ್ ಮತ್ತು ಸಂಗಡಿಗರು ಒಂದು ಪ್ರಯೋಗ ಮಾಡಿದರು. ದೂರವಾಣಿಯಲ್ಲಿ ಗಿರಾಕಿಗಳಿಗೆ ಉತ್ತರಿಸುವ ನೌಕರರಲ್ಲಿ ಕೆಲವರನ್ನು ಒಂಬತ್ತು ತಿಂಗಳು ಮನೆಯಿಂದ ದುಡಿಸಿ, ಉಳಿದವರನ್ನು ಕಚೇರಿಯಲ್ಲಿಟ್ಟು ಹೋಲಿಸಿ ನೋಡಿದರು. ಮನೆಯಲ್ಲಿದ್ದವರ ಕೆಲಸ ಶೇಕಡಾ 13ರಷ್ಟು ಹೆಚ್ಚಿತು. ಕೆಲಸ ಬಿಟ್ಟು ಹೋಗುವವರ ಸಂಖ್ಯೆ ಅರ್ಧಕ್ಕೆ ಇಳಿಯಿತು. ಆದರೆ ಇನ್ನೊಂದು ಮುಖವೂ ಕಂಡಿತು. ಒಳ್ಳೆಯ ಕೆಲಸ ಮಾಡಿದರೂ ಬಡ್ತಿಯಲ್ಲಿ ಮನೆಯವರು ಹಿಂದೆ ಬಿದ್ದರು. ಹಲವರಿಗೆ ಒಂಟಿತನ ಕಾಡಿತು. ಪ್ರಯೋಗ ಮುಗಿದ ಮೇಲೆ ಇಷ್ಟದಂತೆ ಆರಿಸಿಕೊಳ್ಳಿ ಎಂದಾಗ ಅರ್ಧಕ್ಕಿಂತ ಹೆಚ್ಚು ಮಂದಿ ತಮ್ಮ ಮೊದಲಿನ ಆಯ್ಕೆಯನ್ನು ಬದಲಿಸಿದರು.

ಅದೇ ಕಂಪೆನಿಯಲ್ಲಿ ಮುಂದೆ 1,612 ಮಂದಿಯ ಮೇಲೆ ಇನ್ನೊಂದು ಪ್ರಯೋಗ ನಡೆದು 2024ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ವಾರದಲ್ಲಿ ಎರಡು ದಿನ ಮನೆಯಲ್ಲಿ, ಉಳಿದ ದಿನ ಕಚೇರಿಯಲ್ಲಿ ಎಂಬ ಏರ್ಪಾಡಿನಿಂದ ಕೆಲಸ ಬಿಡುವವರು ಮೂರನೆಯ ಒಂದಂಶದಷ್ಟು ಕಡಿಮೆಯಾದರು. ಬಡ್ತಿಗೂ ಕೆಲಸದ ಗುಣಕ್ಕೂ ಕುಂದು ಬರಲಿಲ್ಲ. ಇತ್ತ ಅಮೆರಿಕದ ಮೈಕ್ರೋಸಾಫ್ಟ್ ಕಂಪೆನಿಯ ಸುಮಾರು 61,000 ನೌಕರರ ಬಗ್ಗೆ 2021ರಲ್ಲಿ ಪ್ರಕಟವಾದ ಅಧ್ಯಯನವೊಂದು, ಎಲ್ಲರೂ ಮನೆಯಲ್ಲಿದ್ದಾಗ ತಂತಮ್ಮ ಗುಂಪಿನೊಳಗಿನ ಸಂಪರ್ಕ ಉಳಿದು, ಬೇರೆ ಗುಂಪುಗಳೊಡನೆ ಇದ್ದ ಸೇತುವೆಗಳು ಸವೆಯುತ್ತವೆಯೆಂದು ತೋರಿಸಿತು.

ಇವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ತೀರ್ಮಾನ ಕಷ್ಟವಲ್ಲ. ದೂರವಿದ್ದರೆ ಕೆಲಸ ಕೆಡುತ್ತದೆಂಬುದು ಸುಳ್ಳು. ದೂರವಿದ್ದರೆ ಬಳಗ ತಾನಾಗಿ ಬೆಳೆಯುತ್ತದೆಂಬುದೂ ಸುಳ್ಳು. ಬಳಗವನ್ನು ಪ್ರಯತ್ನಪಟ್ಟು ಬೆಳೆಸಬೇಕು.

ಕಂಪೆನಿಗಳು ಮಾಡಬೇಕಾದುದು

ಮೊದಲನೆಯದು, ಬರವಣಿಗೆ. ನಮ್ಮ ತಾಳಮದ್ದಳೆಯನ್ನು ನೋಡಿ. ಭಾಗವತರು ಒಂದೂರಿನವರು, ಅರ್ಥಧಾರಿಗಳು ನಾಲ್ಕೂರಿನವರು. ಮೊದಲೇ ಒಟ್ಟು ಕುಳಿತು ಅಭ್ಯಾಸ ಮಾಡಿದವರಲ್ಲ. ಆದರೂ ರಾತ್ರಿ ಒಂದು ಗಂಟೆಗೆ ಕೃಷ್ಣನ ಪ್ರಶ್ನೆಗೆ ಕೌರವನ ಉತ್ತರ ಸರಿಯಾಗಿ ಬಂದು ಕೂರುತ್ತದೆ. ಕಾರಣ, ಪ್ರಸಂಗವೆಂಬ ಒಂದು ಲಿಖಿತ ಆಧಾರ ಎಲ್ಲರಿಗೂ ಸಮಾನ, ಯಾರ ಪಾಲು ಎಲ್ಲಿಂದ ಎಲ್ಲಿಯವರೆಗೆ ಎಂಬುದು ಎಲ್ಲರಿಗೂ ಗೊತ್ತು, ಮಿಕ್ಕದ್ದಕ್ಕೆ ಸ್ವಾತಂತ್ರ್ಯವುಂಟು. ದೂರದ ಕೆಲಸಕ್ಕೂ ಇಂಥ ಪ್ರಸಂಗ ಬೇಕು. ಗಿಟ್‌ಲ್ಯಾಬ್ ಎಂಬ ಕಂಪೆನಿಯ ನೌಕರರು ನಾನಾ ದೇಶಗಳಲ್ಲಿ ತಂತಮ್ಮ ಮನೆಗಳಿಂದಲೇ ದುಡಿಯುತ್ತಾರೆ; ಅವರ ಕೆಲಸದ ಕ್ರಮವೆಲ್ಲ ಯಾರು ಬೇಕಾದರೂ ಓದಬಹುದಾದ ಒಂದು ದೊಡ್ಡ ಕೈಪಿಡಿಯಲ್ಲಿ ಬರೆದಿಟ್ಟಿದೆ. ಕಚೇರಿಯ ಮೊಗಸಾಲೆಯಲ್ಲಿ ನಾಲ್ವರು ಆಡಿಕೊಂಡ ತೀರ್ಮಾನ ಪೆರ್ಲದಲ್ಲಿ ಕುಳಿತವನಿಗೆ ತಿಳಿಯುವುದು ಹೇಗೆ? ಬರೆದಿಟ್ಟರೆ ಮಾತ್ರ.

ಎರಡನೆಯದು, ನಂಬಿಕೆ. ನೌಕರನು ಕೀಲಿ ಒತ್ತಿದ ಲೆಕ್ಕ, ಪರದೆಯ ಎದುರು ಕುಳಿತ ನಿಮಿಷದ ಲೆಕ್ಕ, ಹತ್ತು ನಿಮಿಷಕ್ಕೊಮ್ಮೆ ಚಿತ್ರ ತೆಗೆಯುವ ಯಂತ್ರ – ಇವು ಕಾವಲು, ಸಂಸ್ಕೃತಿಯಲ್ಲ. ಕಾವಲಿಟ್ಟಲ್ಲಿ ಜನ ಕಾವಲುಗಾರನನ್ನು ವಂಚಿಸುವುದನ್ನು ಕಲಿಯುತ್ತಾರೆ, ಕೆಲಸವನ್ನಲ್ಲ. ಅಡಕೆ ಸುಲಿಯುವವನಿಗೆ ಸುಲಿದ ಅಡಕೆಯ ಲೆಕ್ಕದಲ್ಲಿ ಕೂಲಿ ಕೊಡುತ್ತೇವಲ್ಲದೆ ಅವನು ಎಷ್ಟು ಸಲ ಬೆನ್ನು ನೆಟ್ಟಗೆ ಮಾಡಿದನೆಂದು ಎಣಿಸುವುದಿಲ್ಲವಷ್ಟೆ?

ಮೂರನೆಯದು, ಹೊಸಬರು. ಹತ್ತು ವರ್ಷ ಕಚೇರಿಯಲ್ಲಿ ಪಳಗಿದವನು ಮನೆಗೆ ಬಂದು ಕುಳಿತರೆ ಅವನಿಗೆ ಗುರುತಿನ ಬಳಗವಿದೆ. ಕಾಲೇಜು ಬಿಟ್ಟು ನೇರವಾಗಿ ಒಳಕೋಣೆ ಸೇರಿದ 22 ವರ್ಷದ ಹುಡುಗಿಗೆ ಯಾರಿದ್ದಾರೆ? ಸಣ್ಣ ಸಂಶಯವನ್ನು ಕೇಳಲೂ ಅವಳು ಹತ್ತು ಸಲ ಯೋಚಿಸುತ್ತಾಳೆ. ಆದುದರಿಂದ ಹೊಸಬರಿಗೆ ಮೊದಲ ಕೆಲವು ತಿಂಗಳು ಕಚೇರಿಯಲ್ಲಿ ಕೆಲಸ, ಹೆಸರಿಟ್ಟು ಒಪ್ಪಿಸಿದ ಒಬ್ಬ ಹಿರಿಯರ ಆಸರೆ, ಆ ಮೇಲೆ ಊರಿನಿಂದ ಕೆಲಸ – ಈ ಕ್ರಮ ನ್ಯಾಯವೆಂದು ನಮಗೆ ತೋರುತ್ತದೆ. ಕಚೇರಿಗೇ ಬರಬೇಡವೆಂದು ನಾವು ಹೇಳುವುದಿಲ್ಲ. ವರ್ಷಕ್ಕೆ ನಾಲ್ಕು ಸಲ ಒಂದೊಂದು ವಾರ ಎಲ್ಲರೂ ಒಂದೆಡೆ ಸೇರಿ, ಕಂಪೆನಿಯ ಖರ್ಚಿನಲ್ಲಿ ಉಂಡು, ಮಾತಾಡಿ, ಮುಖ ಪರಿಚಯ ಮಾಡಿಕೊಂಡರೆ ಉಳಿದ ದಿನಗಳ ಕೆಲಸ ಹಗುರವಾಗುತ್ತದೆ. ಒಟ್ಟಿಗೆ ಕುಳಿತು ಉಂಡವರ ನಡುವೆ ಕಾಗದದ ಮೇಲಿನ ಒರಟು ಮಾತೂ ಅಷ್ಟು ನೋಯಿಸದು.

ನಾಲ್ಕನೆಯದು, ಬಡ್ತಿಯ ನ್ಯಾಯ. ಕಣ್ಣೆದುರಿಗಿದ್ದವನು ಮೇಲೇರಿ, ಮನೆಯಿಂದ ದುಡಿದವನು ಅಲ್ಲೇ ಉಳಿದನೆಂದರೆ ನಾಲ್ಕು ದಿನದಲ್ಲಿ ಎಲ್ಲರೂ ಮನೆ ಬಿಡುತ್ತಾರೆ. ವರ್ಷಕ್ಕೊಮ್ಮೆಯಾದರೂ ಮನೆಯವರಿಗೆಷ್ಟು, ಕಚೇರಿಯವರಿಗೆಷ್ಟು ಬಡ್ತಿ ಸಿಕ್ಕಿತೆಂದು ಕಂಪೆನಿ ಲೆಕ್ಕ ತೆಗೆದು ನೋಡಲಿ.

ಐದನೆಯದು, ಹೊತ್ತು. ಮನೆಯೇ ಕಚೇರಿಯಾದಾಗ ಕಚೇರಿಗೆ ಬಾಗಿಲು ಮುಚ್ಚುವ ಗಂಟೆಯೇ ಇಲ್ಲವಾಗುತ್ತದೆ. ರಾತ್ರಿ ಹತ್ತಕ್ಕೆ ಕರೆ, ಭಾನುವಾರ ಬೆಳಿಗ್ಗೆ ‘ಒಂದೇ ಒಂದು ಸಣ್ಣ ಕೆಲಸ’. ಫ್ರಾನ್ಸಿನಲ್ಲಿ 2017ರ ಜನವರಿ 1ರಿಂದ, ಆಸ್ಟ್ರೇಲಿಯದಲ್ಲಿ 2024ರ ಆಗಸ್ಟಿನಿಂದ, ಕೆಲಸದ ಹೊತ್ತು ಮುಗಿದ ಮೇಲೆ ಕರೆಗೆ ಓಗೊಡದಿರುವ ಹಕ್ಕು ನೌಕರರಿಗೆ ದೊರೆತಿದೆ. ನಮ್ಮ ಲೋಕಸಭೆಯಲ್ಲಿ ಇಂಥ ಖಾಸಗಿ ಮಸೂದೆಯೊಂದು 2018ರಲ್ಲಿ ಮಂಡನೆಯಾಗಿತ್ತು. ಕಾಯಿದೆ ಬರುವ ಮೊದಲೇ ಮರ್ಯಾದೆಯಿಂದ ಇದನ್ನು ಪಾಲಿಸುವ ಕಂಪೆನಿಗೆ ಒಳ್ಳೆಯ ಕೆಲಸಗಾರರ ಬರಗಾಲ ಬರಲಾರದು.

ಕೊನೆಯದು, ಭಾಷೆ. ಇದನ್ನು ನಾವು ಹೇಳದಿದ್ದರೆ ಬೇರೆ ಯಾರೂ ಹೇಳುವವರಿಲ್ಲ. ಕಚೇರಿಯ ಕೆಲಸ ಇಂಗ್ಲಿಷಿನಲ್ಲಿ ನಡೆಯಲಿ; ಆಕ್ಷೇಪವಿಲ್ಲ. ಆದರೆ ಸಭೆಯ ನಡುವೆ ನಾಲ್ವರು ತಮ್ಮ ಭಾಷೆಗೆ ಹೊರಳಿ ನಕ್ಕರೆ, ಪರದೆಯ ಮೂಲೆಯ ಚೌಕದಲ್ಲಿ ಕುಳಿತ ಐದನೆಯವನು ಹೊರಗಿನವನಾಗುತ್ತಾನೆ. ಅಲ್ಪಸಂಖ್ಯಾತರಾಗಿ ಬದುಕಿದ ನಮಗೆ ಈ ನೋವು ಹೊಸತಲ್ಲ. ಆದುದರಿಂದಲೇ, ಬೆಂಗಳೂರಿನ ತಂಡದಲ್ಲಿ ಕನ್ನಡಿಗರೇ ಹೆಚ್ಚಿದ್ದಾಗ, ಅಲ್ಲಿರುವ ಒಬ್ಬ ಒಡಿಶಾದವನನ್ನೋ ಮಣಿಪುರದವಳನ್ನೋ ನಮ್ಮವರು ಮರೆಯಬಾರದು.

ಮನೆಯವರೂ ಪಂಚಾಯತಿಯೂ

ಹೊಣೆಯೆಲ್ಲ ಕಂಪೆನಿಯದೆಂದು ಹೇಳಿ ನಾವು ಕೈತೊಳೆದುಕೊಳ್ಳುವಂತಿಲ್ಲ. ಮನೆಯಲ್ಲಿರುವ ಮಗ ಬಿಡುವಾಗಿದ್ದಾನೆಂದು ತಿಳಿದು ಹೊತ್ತುಗೊತ್ತಿಲ್ಲದೆ ಪೇಟೆಗೆ ಅಟ್ಟುವವರು, ನೆಂಟರು ಬಂದಾಗ ಬಾಗಿಲು ಬಡಿದು ಕರೆಯುವವರು ನಮ್ಮಲ್ಲಿದ್ದಾರೆ. ಸೊಸೆಯಾದರೆ ಕಷ್ಟ ಇಮ್ಮಡಿ. ಒಂದು ಕಡೆ ಕಂಪೆನಿಯ ಎಂಟು ಗಂಟೆ, ಇನ್ನೊಂದು ಕಡೆ ಅಡುಗೆಮನೆಯ ಹದಿನಾರು ಗಂಟೆ. ಹಿಂದೆ ಬೀಡಿ ಕಟ್ಟಿದ ಅತ್ತೆಗೆ ಈ ಕಷ್ಟ ಚೆನ್ನಾಗಿ ಗೊತ್ತಿರಬೇಕು. ‘ಅವಳು ಕೆಲಸದಲ್ಲಿದ್ದಾಳೆ’ ಎಂದು ಬಂದವರಿಗೆ ಹೇಳುವ ಅತ್ತೆ, ಒಂದು ಹೊತ್ತಿನ ಅಡುಗೆಗೆ ತಾನೇ ನಿಲ್ಲುವ ಗಂಡ – ಕೆಲಸದ ಸಂಸ್ಕೃತಿಯ ಅರ್ಧಭಾಗ ಇವರ ಕೈಯಲ್ಲೇ ಇದೆ.

ಊರಿನ ಹೊಣೆಯೂ ಉಂಟು. ಆಟಿ ತಿಂಗಳಲ್ಲಿ ಮರ ಬಿದ್ದು ತಂತಿ ಕಡಿದರೆ ಕರೆಂಟು ಇಲ್ಲ, ಇಂಟರ್‌ನೆಟ್ ಇಲ್ಲ. ಮಗ ಬೈಕು ಹತ್ತಿ ಸಿಗ್ನಲ್ ಹುಡುಕುತ್ತ ಗುಡ್ಡೆ ಏರಬೇಕು. ಕೇರಳ ಸರಕಾರವು 2023ರ ಜೂನ್ 5ರಂದು ಕೆ-ಫೋನ್ ಯೋಜನೆಯನ್ನು ಉದ್ಘಾಟಿಸಿತು. ಅದಕ್ಕೂ ಮೊದಲು, 2021ರ ಜನವರಿಯ ಮುಂಗಡಪತ್ರದಲ್ಲಿ, ಆಗಿನ ಹಣಕಾಸು ಸಚಿವ ಥಾಮಸ್ ಐಸಾಕ್ ಅವರು ಮನೆಯಲ್ಲಿ ಮತ್ತು ಮನೆಯ ಹತ್ತಿರ ಕುಳಿತು ಮಾಡುವ ಕೆಲಸಗಳಿಗೆ ಆದ್ಯತೆ ಘೋಷಿಸಿದ್ದರು. ದಿನೇಶ್ ಬೀಡಿಯ ಚರಿತ್ರೆಯನ್ನು ಬರೆದವರಲ್ಲಿ ಅವರೂ ಒಬ್ಬರು. ಈ ಯೋಜನೆಗಳ ಫಲ ಜಿಲ್ಲೆಯ ಉತ್ತರದ ಗಡಿ ಪಂಚಾಯತುಗಳಿಗೂ ಮುಟ್ಟಬೇಕೆಂದು ಕೇಳುವುದು ನಮ್ಮ ಹಕ್ಕು.

ನಮ್ಮಲ್ಲಿ ವಾಚನಾಲಯಗಳಿವೆ, ಮಕ್ಕಳು ಕಡಿಮೆಯಾಗಿ ಕೋಣೆ ಖಾಲಿ ಬಿದ್ದ ಶಾಲೆಗಳಿವೆ, ವರ್ಷದ ಬಹುಭಾಗ ಬೀಗ ಹಾಕಿದ ಸಭಾಭವನಗಳಿವೆ. ಅವುಗಳಲ್ಲಿ ಒಂದು ಕೋಣೆಗೆ ಒಳ್ಳೆಯ ಇಂಟರ್‌ನೆಟ್, ಕರೆಂಟು ಹೋದರೂ ನಡೆಯುವ ಬ್ಯಾಟರಿ, ಹತ್ತು ಮೇಜು, ಹತ್ತು ಕುರ್ಚಿ ಒದಗಿಸಿದರೆ ಆಗದೇ? ಹತ್ತು ಬೇರೆ ಬೇರೆ ಕಂಪೆನಿಗಳ ಹತ್ತು ಮಂದಿ ನಮ್ಮೂರ ಹುಡುಗ ಹುಡುಗಿಯರು ಅಲ್ಲಿ ಒಟ್ಟಿಗೆ ಕುಳಿತಾರು. ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಕನ್ನಡದಲ್ಲೋ ತುಳುವಿನಲ್ಲೋ ಮಲಯಾಳದಲ್ಲೋ ನಾಲ್ಕು ಮಾತಾಡಿಯಾರು. ಒಬ್ಬನಿಗೆ ತಿಳಿಯದ್ದನ್ನು ಇನ್ನೊಬ್ಬ ಹೇಳಿಕೊಟ್ಟಾನು. ಒಂದು ಕಂಪೆನಿಯಲ್ಲಿ ಕೆಲಸ ಖಾಲಿಯಿದ್ದರೆ ಇನ್ನೊಬ್ಬಳಿಗೆ ತಿಳಿದೀತು. ಸಂಜೆ ಅದೇ ಕೋಣೆಯಲ್ಲಿ ಪತ್ರಿಕೆ ಓದಿಯಾರು. ಬೀಡಿ ಶಾಲೆಯ ಓದಿನಿಂದ ದೊರೆತ ಬಳಗವನ್ನು ಹೀಗೆ ಇನ್ನೊಂದು ರೂಪದಲ್ಲಿ ಮರಳಿ ಪಡೆಯಬಹುದು. ಹತ್ತು ಮಂದಿಯ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎಂದು ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ.

ಎಲ್ಲ ಕೆಲಸವನ್ನೂ ಮನೆಯಿಂದ ಮಾಡಲಾಗದು. ಆಸ್ಪತ್ರೆಯ ದಾದಿ, ಬಸ್ಸಿನ ನಿರ್ವಾಹಕ, ಕಾಡಿನ ಕಾವಲುಗಾರ ಜಾಗದಲ್ಲೇ ಇರಬೇಕು. ಆದರೆ ಸಾಧ್ಯವಿರುವ ಕೆಲಸವನ್ನಾದರೂ ಊರಿನಲ್ಲಿ ಉಳಿಸಿಕೊಳ್ಳುವ ಛಲ ನಮಗಿರಬೇಕು. ಅದು ಉಳಿಯುವುದು, ದೂರದಲ್ಲಿದ್ದವನು ಎದುರಿಗಿದ್ದವನಷ್ಟೇ ನಂಬಿಕಸ್ಥನೆಂದು ಕೆಲಸದಿಂದ ತೋರಿಸಿಕೊಟ್ಟಾಗ. ಎದುರಿಗಿಲ್ಲದವನೂ ತನ್ನವನೇ ಎಂದು ಸಂಸ್ಥೆಯು ನಡೆದು ತೋರಿಸಿದಾಗ. ಮೊದಲನೆಯದನ್ನು ನಮ್ಮ ಮಕ್ಕಳು ಮಾಡಬಲ್ಲರೆಂಬ ವಿಶ್ವಾಸ ನಮಗಿದೆ. ಎರಡನೆಯದನ್ನು ಕೇಳಿ ಪಡೆಯಲು ಅವರು ಒಂಟಿಯಾಗಿ ಕುಳಿತರೆ ಸಾಲದು. ಮುಂದಿನ ಗ್ರಾಮಸಭೆಯಲ್ಲಿ ರಸ್ತೆ, ನೀರು, ಬೀದಿದೀಪಗಳ ಬೇಡಿಕೆಯೊಡನೆ ಈ ಹತ್ತು ಮೇಜಿನ ಕೋಣೆಯ ಬೇಡಿಕೆಯೂ ಒಂದು ಸಾಲಾಗಿ ದಾಖಲಾಗಲಿ ಎಂದು ನಮ್ಮ ಓದುಗ ಬಂಧುಗಳಲ್ಲಿ ವಿನಂತಿಸುತ್ತೇವೆ.